ಶನಿವಾರದ ಅರ್ಥಧಾರಿ

ಹರಿಶ್ಚಂದ್ರ ಮಾಷ್ಟ್ರು ಕಲ್ಯಾಣದ ಕಾಲೇಜಿನಲ್ಲಿ ತತ್ವಶಾಸ್ತ್ರ ಕಲಿಸುತ್ತಿದ್ದರು. ದೇವರಿದ್ದಾನೆಂದು ತರ್ಕದಿಂದ ಸಾಧಿಸಬಹುದೇ, ಪವಾಡ ಕಂಡೆ ಎನ್ನುವವರ ಮಾತನ್ನು ಎಷ್ಟು ನಂಬಬಹುದು ಎಂದು ಯುರೋಪಿನ ಪಂಡಿತರು ಮುನ್ನೂರು ವರ್ಷಗಳ ಹಿಂದೆ ಆಡಿದ ಜಗಳವನ್ನು, ಹಾಜರಿಗಾಗಿ ಬಂದು ಕೂತ ಮಕ್ಕಳಿಗೆ ಒಪ್ಪಿಸಿ, ಲೋಕಲ್ ರೈಲಿನಲ್ಲಿ ನೇತಾಡಿಕೊಂಡು ಡೊಂಬಿವಲಿಗೆ ಮರಳುವಷ್ಟರಲ್ಲಿ ಜೀವ ಹೈರಾಣಾಗಿರುತ್ತಿತ್ತು. ಶನಿವಾರ ಸಂಜೆಯಾದರೂ ಬಿಡುವುಂಟೇ? ಊರು ಬಿಟ್ಟು ಬಂದು ಅಲ್ಲೇ ನೆಲೆಸಿದ ಊರವರ ಶನಿಪೂಜೆಯಲ್ಲಿ ಒಬ್ಬರು ಶನಿಕಥೆಯ ಗ್ರಂಥದ ಪದ್ಯ ಓದಿದರೆ, ಅದಕ್ಕೆ ಅರ್ಥ ಹೇಳುವವರು ಇವರೇ.

ಅರ್ಥ ಹೇಳುವವರಿಗೆ ನಂಬಿಕೆಯೇ ಇರಲಿಲ್ಲ. ನಂಬಿದವರಂತೆ ನಡೆದುಕೊಳ್ಳುತ್ತಿರು, ನಂಬಿಕೆ ತಾನಾಗಿ ಬರುತ್ತದೆ ಎಂದು ಆ ಪಂಡಿತರಲ್ಲೊಬ್ಬ ಹೇಳಿದ್ದನ್ನು ನೆಚ್ಚಿ, ಹೆಂಡತಿ ತೀರಿಕೊಂಡ ವರ್ಷ ಪೂಜೆಯಲ್ಲಿ ಅರ್ಥ ಹೇಳುವವರ ಚಾಪೆಯ ಮೇಲೆ ಕೂತವರು. ಕಾದು ಕಾದು ತಲೆ ನರೆಯಿತು. ಬಂದದ್ದು ಗಂಟಲುನೋವು ಮಾತ್ರ.

2012ರ ಮಳೆಗಾಲದಲ್ಲಿ ಒಂದು ಶನಿವಾರ, ಮಾತಿನ ಭರದಲ್ಲಿ ಹೇಳಿಬಿಟ್ಟರು: "ಅರ್ಧ ನಂಬಿಕೆ ದೇವರಿಗೆ ಬೇಡ. ಬಿಡುವುದಾದರೆ ಎಲ್ಲವನ್ನೂ ಅವನ ಮೇಲೆ ಬಿಡಿ!"

ಮುಂದಿನ ಸಾಲಿನಲ್ಲಿ ನೆರೆಮನೆಯ ಬಾಗಿ ಎಂಬವಳು ಕೂತಿದ್ದಳು. ಅವಳ ಗಂಡ ಯಶ್ವಂತ, ಬೇಲಾಪುರದ ಕ್ಯಾಂಟೀನೊಂದರ ಅಡುಗೆಯವ, ಎದೆಯ ಆಪರೇಷನ್ನಿಗೆಂದು ಆಸ್ಪತ್ರೆಯಲ್ಲಿದ್ದ.

ಮರುದಿನ ಬೆಳಿಗ್ಗೆಯೇ ಅವಳು ಬಾಗಿಲಲ್ಲಿ ನಿಂತಿದ್ದಳು. "ಮಾಷ್ಟ್ರೇ, ಇವರನ್ನು ಮನೆಗೆ ಕರ್ಕೊಂಡು ಬರ್ತೇನೆ. ಆಪರೇಷನ್ ಬೇಡ. ನೀವು ಹೇಳಿದ ಹಾಗೆ ಎಲ್ಲ ಶನಿದೇವರಿಗೇ ಬಿಟ್ಟದ್ದು."

ಸುತ್ತಿ ಬಳಸಿ ಹೇಳುವಷ್ಟು ತ್ರಾಣವೂ ಮಾಷ್ಟ್ರಲ್ಲಿರಲಿಲ್ಲ. "ಬಾಗಿಯಕ್ಕ, ಅದು ಬರೀ ಮಾತು. ನನಗೆ ದೇವರ ಮೇಲೆ ನಂಬಿಕೆಯೇ ಇಲ್ಲ. ಯಾವತ್ತೂ ಇರ್ಲಿಲ್ಲ. ಆಪರೇಷನ್ ಮಾಡ್ಸಿ, ನಿಮ್ಮ ದಮ್ಮಯ್ಯ."

ಅವಳು ಅವರ ಮುಖವನ್ನೇ ನೋಡಿ, ಹೊರಟುಹೋದಳು. ಆ ದಿನವೇ ಆಪರೇಷನ್ನಿಗೆ ಒಪ್ಪಿಗೆ ಕೊಟ್ಟಳೆಂದು ಆಮೇಲೆ ತಿಳಿಯಿತು. ಮಾಷ್ಟ್ರಿಗೆ ನಾಚಿಕೆಯಾಯಿತು, ಎದೆ ಹಗುರವೂ ಆಯಿತು. ಇನ್ನು ಪೂಜೆಗೆ ಯಾರೂ ಕರೆಯಲಿಕ್ಕಿಲ್ಲ, ಶನಿವಾರ ನಿದ್ದೆಯಾದರೂ ಮಾಡಬಹುದು.

ದೀಪಾವಳಿಯ ಹೊತ್ತಿಗೆ ಯಶ್ವಂತ ತಾನೇ ಮೆಟ್ಟಿಲು ಹತ್ತಿ ಬಂದ. ಹಿಂದೆ ಬಾಗಿ, ಕೈಯಲ್ಲಿ ಪ್ರಸಾದ.

"ಆಪರೇಷನ್ ಮಾಡ್ಸಿ ಅಂತ ಅವತ್ತು ದೇವರೇ ನಿಮ್ಮ ಬಾಯಲ್ಲಿ ಹೇಳಿಸಿದ್ದು ಮಾಷ್ಟ್ರೇ," ಎಂದಳು. "ಇಲ್ಲದಿದ್ರೆ ನಿಮ್ಮಂಥ ಭಕ್ತರು ನಂಬಿಕೆ ಇಲ್ಲ ಅಂತ ಹೇಳ್ಲಿಕ್ಕುಂಟಾ? ಈ ಶನಿವಾರ ನಮ್ಮ ಹರಕೆಯ ಪೂಜೆ. ಅರ್ಥ ನೀವೇ ಹೇಳ್ಬೇಕು."

ಮಾಷ್ಟ್ರು ವಾದಿಸಲು ಬಾಯಿ ತೆರೆದರು. ಕಾಲೇಜಿನಲ್ಲಾಗಿದ್ದರೆ ಈ ತರ್ಕದ ತಪ್ಪನ್ನು ಬೋರ್ಡಿನ ಮೇಲೆ ಬರೆದು ತೋರಿಸುತ್ತಿದ್ದರು. ಯಶ್ವಂತ ಗೋಡೆಗೊರಗಿ, ಉಸಿರು ಸುಧಾರಿಸಿಕೊಳ್ಳುತ್ತ ನಗುತ್ತಿದ್ದ.

"ಆಯ್ತು, ಬರ್ತೇನೆ," ಎಂದು ಕೈಯೊಡ್ಡಿದರು. ನಿಜ ಹೇಳಿದರೂ ಬಿಡುಗಡೆಯಿಲ್ಲವಲ್ಲ ಎಂದು ಅವರಿಗೆ ಅಳುವೇ ಬಂತು. ಬಾಗಿ ಅದನ್ನು ಭಕ್ತಿಯೆಂದೇ ತಿಳಿದು ತಾನೂ ಸೆರಗಿನಿಂದ ಕಣ್ಣೊರೆಸಿಕೊಂಡಳು.