ಮೇಲಿನ ಹಲಗೆ

ಮೊನ್ನೆ ಮದರಾಸಿನಲ್ಲಿ ರೈಲು ಹತ್ತಿ, ಸಾಮಾನಿಡುವ ಮೇಲಿನ ಹಲಗೆಯನ್ನು ಹಿಡಿದಾಗ ಅಂಗೈಗೆ ಕಲ್ಲಿದ್ದಲ ಮಸಿ ಅಂಟಿತು. ಮೂಸಿ ನೋಡಿದೆ. ಮಸಿ, ಹಳೆಯ ಮರ, ಯಾರದೋ ತಲೆಯ ಎಣ್ಣೆ... ಆ ವಾಸನೆಯ ಹಿಂದೆಯೇ ನನ್ನ ಸೋದರತ್ತೆ ಬಂದಳು.

ಅತ್ತೆ ನನ್ನ ತಂದೆಯ ಅಕ್ಕ. ಗಂಡನ ಮನೆ ಕಾಣುವ ಮೊದಲೇ ವಿಧವೆಯಾದವಳು. ತಲೆ ಬೋಳಿಸಿ, ಕೆಂಪು ಸೀರೆ ಉಡಿಸಿ, ಇನ್ನು ಮಂಚ ಏರಬಾರದೆಂದು ಹೇಳಿದ್ದರು. ಮಂಚ ಹಾಗಿರಲಿ, ನೆಲದಿಂದ ಎತ್ತರವಾದ ಯಾವುದರ ಮೇಲೂ ಅವಳು ಬೆನ್ನು ಚಾಚುವಂತಿರಲಿಲ್ಲ. ಅಡುಗೆಮನೆಯ ಹೊಸ್ತಿಲ ಬಳಿ ಒಂದು ಚಾಪೆ, ಅಷ್ಟೇ. ನಮ್ಮೂರು ಆದವಾನಿಯ ಚಳಿಗಾಲದಲ್ಲಿ ಬಂಡೆ ಹಾಸಿದ ನೆಲ ಹೇಗೆ ಕೊರೆಯುತ್ತದೆಂದು ಅಲ್ಲಿ ಮಲಗಿದವರಿಗೇ ಗೊತ್ತು. ಬೆಳಿಗ್ಗೆ ಅವಳು ಗೋಡೆ ಹಿಡಿದು ನಿಂತು ಸೊಂಟ ನೆಟ್ಟಗೆ ಮಾಡಿಕೊಳ್ಳುತ್ತಿದ್ದಳು. ಯಾರೂ ಏನೂ ಕೇಳುತ್ತಿರಲಿಲ್ಲ.

ನಾನು ಹೈಸ್ಕೂಲಿನಲ್ಲಿದ್ದಾಗ ಮನೆಯವರೆಲ್ಲ ತಿರುಪತಿಗೆ ಹೊರಟೆವು: ದೊಡ್ಡಪ್ಪ, ಅಪ್ಪ, ಅಮ್ಮ, ಅತ್ತೆ, ನಾನು. ದೀಪ ಹಚ್ಚುವ ಹೊತ್ತಿಗೆ ರೈಲು ಹತ್ತಿದರೆ ಬೆಳಗಿಗೆ ರೇಣಿಗುಂಟ. ಯಾರು ಎಲ್ಲಿ ಮಲಗಬೇಕೆಂಬುದನ್ನು ದೊಡ್ಡಪ್ಪ ಸ್ಟೇಷನ್ನಿನಲ್ಲಿಯೇ ತೀರ್ಮಾನಿಸಿದ್ದರು. ಬೆಂಚುಗಳು ಗಂಡಸರಿಗೆ. ಮೇಲಿನ ಎರಡು ಹಲಗೆಗಳು ಹಾಸಿಗೆಯ ಸುರುಳಿಗೆ, ಟ್ರಂಕಿಗೆ, ತಾಮ್ರದ ಕೊಡಕ್ಕೆ. ನಾನೂ ಸೇರಿ ಹೆಂಗಸರು ಬೆಂಚುಗಳ ನಡುವೆ, ನೆಲದ ಮೇಲೆ. ದೊಡ್ಡಪ್ಪ ಪುರಾಣ ಹೇಳುತ್ತಿದ್ದವರು. ಮನೆಯಲ್ಲಿ ಅವರ ಮಾತಿಗೆ ಎದುರಿರಲಿಲ್ಲ.

ಡಬ್ಬಿಯೊಳಗೆ ಬಂದ ಅತ್ತೆ ನೆಲ ನೋಡಿದಳು. ಶೇಂಗಾ ಸಿಪ್ಪೆ, ಎಲೆ ಅಡಿಕೆಯ ಉಗುಳು, ಚೆಲ್ಲಿದ ನೀರು, ಅದರ ಮೇಲೆ ಊರವರೆಲ್ಲರ ಕಾಲು. ಆಮೇಲೆ ತಲೆಯೆತ್ತಿ ನೋಡಿದಳು.

"ತಮ್ಮಾ, ಆ ಹಾಸಿಗಿ ಸುರುಳಿ ಕೆಳಗ ಇಳಸು," ಎಂದಳು ಅಪ್ಪನಿಗೆ.

"ಯಾಕಕ್ಕಾ?"

"ನಾ ಅಲ್ಲಿ ಮಲಗ್ತೀನಿ."

ದೊಡ್ಡಪ್ಪ ತಿರುಗಿದರು. "ಮಂಚ ಏರಬಾರದು ಅನ್ನೂದು ಮರತಿಯೇನು? ಗಂಡಸರ ತಲಿ ಮ್ಯಾಲೆ ಕಾಲು ಚಾಚಿ ಮಲಗ್ತಾಳಂತ."

"ಮರತಿಲ್ಲಣ್ಣಾ. ಇದು ಮಂಚ ಅಲ್ಲ, ಸಾಮಾನಿಡೋ ಹಲಗಿ. ಇಷ್ಟು ವರ್ಷ ನಿಮ್ಮನ್ಯಾಗ ನಾನೂ ಒಂದು ಸಾಮಾನೇ ಅಲ್ಲೇನು?"

"ಮತ್ತ ನಿನ್ನ ಮಡಿ?"

"ಮಡಿಗೇ ಹೇಳೂದು. ಕೆಳಗ ಮಂದಿ ಉಗುಳ್ಯಾರ, ತುಳದಾರ. ಅದರಾಗ ಹೊರಳಾಡಿ ನಾಳೆ ನಿಮಗ ಅಡಗಿ ಹ್ಯಾಂಗ ಮಾಡ್ಲಿ? ಮ್ಯಾಲಾದ್ರ ನನ್ನ ಯಾರು ಮುಟ್ಟತಾರ?"

ಒಂದು ನಿಯಮ ಅವಳನ್ನು ನೆಲಕ್ಕೆ ಹಾಕಿತ್ತು, ಇನ್ನೊಂದು ನೆಲದಿಂದ ಎತ್ತುತ್ತಿತ್ತು. ಎರಡನ್ನೂ ಕಲಿಸಿದವರು ದೊಡ್ಡಪ್ಪನೇ.

ಬಾಗಿಲ ಬಳಿ ಬುಟ್ಟಿ ಇಟ್ಟುಕೊಂಡು ಕೂತಿದ್ದ ಹೊಳಗುಂದದ ಕಡೆಯ ಹೆಂಗಸೊಬ್ಬಳು ನಕ್ಕಳು. "ಏರ್ಲಿ ಬಿಡ್ರಿ ಸಾಮೇರ. ಆಯಮ್ಮ ಗುಬ್ಬಿ ಹಂಗ ಅದಾಳ, ಹಲಗಿ ಗಟ್ಟಿ ಐತಿ. ನಿಮ್ಮ ಮ್ಯಾಲೇನು ಬೀಳಂಗಿಲ್ಲ."

ಅಪ್ಪ ಯಾರ ಮುಖವನ್ನೂ ನೋಡದೆ ಸುರುಳಿ ಇಳಿಸಿದರು. ಅತ್ತೆ ಕಚ್ಚೆ ಬಿಗಿದು, ದೊಡ್ಡಪ್ಪನ ಪಕ್ಕದಲ್ಲೇ ಬೆಂಚಿಗೆ ಒಂದು ಕಾಲು ಕೊಟ್ಟು ಏರಿಬಿಟ್ಟಳು. ಸೆರಗು ತಲೆಯಿಂದ ಜಾರಿತು. ಸರಿಮಾಡಿಕೊಳ್ಳಲಿಲ್ಲ. ಮೇಲಿನಿಂದ ನನ್ನನ್ನು ನೋಡಿ, "ನೀ ಏನು ನಿಂತಿ? ಎದುರಿನ ಹಲಗಿ ಏರು," ಎಂದಳು.

ನಾನು ಅಮ್ಮನನ್ನು ನೋಡಿದೆ. ಅಮ್ಮ ಎದ್ದು, ಆ ಹಲಗೆಯ ಮೇಲಿದ್ದ ಕೊಡವನ್ನೂ ಟ್ರಂಕನ್ನೂ ತೆಗೆದು ನೆಲದ ಮೇಲಿಟ್ಟಳು.

ಗುಂತಕಲ್ಲಿನಲ್ಲಿ ಗಾಡಿ ಬಹಳ ಹೊತ್ತು ನಿಂತಿತು. ಅತ್ತೆಗೆ ನಿದ್ದೆ ಬಂದಿರಲಿಲ್ಲ. ಕೈಯೆತ್ತಿ ಡಬ್ಬಿಯ ಸೂರನ್ನು ಮುಟ್ಟುತ್ತಿದ್ದಳು, ತೆಗೆಯುತ್ತಿದ್ದಳು, ಮತ್ತೆ ಮುಟ್ಟುತ್ತಿದ್ದಳು...

ತಿರುಪತಿಯಿಂದ ಮರಳಿದ ದಿನವೇ ಹಿತ್ತಿಲಲ್ಲಿ ಬಿದ್ದಿದ್ದ ಹಳೆಯ ಬಾಗಿಲೊಂದನ್ನು ತೊಳೆದು, ಅಡುಗೆಮನೆಗೆ ತಂದು, ನಾಲ್ಕು ಮೂಲೆಗೂ ಕಲ್ಲು ಕೊಟ್ಟಳು. ಅದರ ಮೇಲೆ ತನ್ನ ಚಾಪೆ ಹಾಸಿದಳು. ರೈಲಿನಲ್ಲಿ ಕೆಡದ ಧರ್ಮ ಮನೆಯಲ್ಲಿ ಹೇಗೆ ಕೆಡುತ್ತದೆಂದು ಅವಳ ವಾದ. ದೊಡ್ಡಪ್ಪ ಅವಳ ಕೈಯ ಅಡುಗೆ ಉಣ್ಣುವುದಿಲ್ಲ ಎಂದರು. "ಹಸದಾಗ ಉಣ್ತಾನ," ಎಂದು ಅವಳು ಒಲೆಗೆ ಸೌದೆ ಇಟ್ಟಳು. ಕೆಲವು ದಿನ ಬಾಳೆಹಣ್ಣು, ಹಾಲಿನಲ್ಲಿ ತಳ್ಳಿದರು. ಆಮೇಲೆ ಉಂಡರು. ಬಾಗಿಲು ಅಲ್ಲೇ ಉಳಿಯಿತು.

ನಾನು ಮದರಾಸಿನಲ್ಲಿ ಬಿ.ಎ. ಓದುತ್ತಿದ್ದಾಗ ಅತ್ತೆ ತೀರಿಕೊಂಡಳು. ನಮ್ಮಲ್ಲಿ ಪ್ರಾಣ ಹೋಗುವ ಮುಂಚೆ ನೆಲಕ್ಕಿಳಿಸಿ ದರ್ಭೆಯ ಮೇಲೆ ಮಲಗಿಸುತ್ತಾರೆ. ಅವಳನ್ನೂ ಇಳಿಸಿದರು. ಮಾತು ನಿಂತಿತ್ತಂತೆ; ಆದರೆ ತಾನು ಮಲಗುತ್ತಿದ್ದ ಆ ಹಳೆಯ ಬಾಗಿಲಿನ ಅಂಚು ಹಿಡಿದಿದ್ದ ಕೈ ಬಿಡಿಸಲು ಇಬ್ಬರು ಬೇಕಾಯಿತೆಂದು ಅಮ್ಮ ಹೇಳಿದಳು. ನಾನು ಅಲ್ಲಿರಲಿಲ್ಲ. ಇದ್ದಿದ್ದರೆ ಬಿಡಿಸಲು ಬಿಡುತ್ತಿರಲಿಲ್ಲ.

ಮೊನ್ನೆಯ ಡಬ್ಬಿಯಲ್ಲಿ, ಹಲಗೆಗೆ ಕೈಯಿಟ್ಟು ನಿಂತ ನನಗೆ ಜರಿ ಪಂಚೆಯ ಯಜಮಾನರೊಬ್ಬರು, ಹೆಣ್ಣುಮಕ್ಕಳಿಗೆ ಕೆಳಗೇ ವಾಸಿ, ಮೇಲೆ ತಮ್ಮ ಪೆಟ್ಟಿಗೆಗಳನ್ನು ಇಡಬೇಕು ಎಂದು ತೆಲುಗಿನಲ್ಲಿ ಹೇಳಿದರು. ಪೆಟ್ಟಿಗೆಗಳಿಗೂ ಕೆಳಗೇ ವಾಸಿ ಎಂದು ನಾನೂ ತೆಲುಗಿನಲ್ಲಿಯೇ ಹೇಳಿ, ಸೆರಗು ಸೊಂಟಕ್ಕೆ ಸಿಕ್ಕಿಸಿ ಏರಿದೆ. ಮಸಿಯಾದ ಕೈ ತೊಳೆಯಲಿಲ್ಲ. ಮಗ್ಗುಲಾಗಿ, ಅಂದು ಅತ್ತೆ ಮಲಗಿದ್ದಂಥ ಎದುರಿನ ಹಲಗೆ ನೋಡಿದೆ.

ಅಲ್ಲಿ ಯಜಮಾನರ ಪೆಟ್ಟಿಗೆಗಳಿದ್ದವು.