ಗೋಡೆಯಿಂದ ಪುಸ್ತಕಕ್ಕೆ ಇಳಿದ ವಂಶವೃಕ್ಷ

ಸುಧಾ, ಅನಿರುದ್ಧ, ಮೊನ್ನೆ ನೀವಿಬ್ಬರೂ ಕಂಪ್ಯೂಟರ್ ಮುಂದೆ ಜಗಳವಾಡುತ್ತಿದ್ದಿರಿ. ಸುಧಾಳ ಕಾಲೇಜಿನ ಪಾಠವಂತೆ: ಬೈನರಿ ಟ್ರೀ ಎಂಬ ಮರ, ಪ್ರತಿ ಗಂಟಿಗೂ ಹೆಚ್ಚೆಂದರೆ ಎರಡೇ ಕೊಂಬೆ, ಅದನ್ನು ರಿಕರ್ಷನ್ನಿನಿಂದ, ಅಂದರೆ ಪ್ರತಿ ಗಂಟಿನಲ್ಲೂ ಅದೇ ಕ್ರಮವನ್ನು ಮತ್ತೆ ಮತ್ತೆ ಮಾಡುತ್ತ, ಫೈಲಿಗೆ ಬರೆಯಬೇಕು. "ಅಜ್ಜಿಗೆ ಇದೆಲ್ಲ ಪುರಿಯಾದು" ಎಂದು, ಅರ್ಥವಾಗುವುದಿಲ್ಲವೆಂಬುದನ್ನು ತಮಿಳಿನಲ್ಲೇ ಹೇಳಿ, ಅನಿರುದ್ಧ ನಕ್ಕ. ನಾನು ಹಳ್ಳಿ ಶಾಲೆಯಲ್ಲಿ ಐದನೆಯ ತರಗತಿಯವರೆಗೆ ಓದಿದವಳು, ನಿಜ. ಆದರೆ ಆ ಕೆಲಸ ನಾನು ಮಾಡಿದ್ದೇನೆ, ಪೆನ್ಸಿಲಿನಲ್ಲಿ.

ಸಾವಿರದ ಒಂಬೈನೂರ ಅರವತ್ತರ ಆಚೀಚೆ, ಮದರಾಸಿನ ವೆಸ್ಟ್ ಮಾಂಬಲಂನಲ್ಲಿ ನಮ್ಮದು ಬಾಡಿಗೆ ಮನೆ. ರೈಲು ಹೋದರೆ ಪಾತ್ರೆಗಳೆಲ್ಲ ಮಾತಾಡುತ್ತಿದ್ದವು. ನನ್ನ ಮಾವ ಹೋಟೆಲಿನ ಅಡುಗೆ ಬಿಟ್ಟು ಮನೆಯಲ್ಲಿದ್ದರು. ದೋಸೆ ಹುಯ್ದ ಕೈ ಸುಮ್ಮನಿರುತ್ತದೆಯೇ? ನಡುಮನೆಯ ಗೋಡೆಯ ತುಂಬ ಇದ್ದಿಲಿನಲ್ಲಿ ವಂಶವೃಕ್ಷ ಬರೆದರು. ಬುಡದಲ್ಲಿ ಆಗ ತೊಟ್ಟಿಲಲ್ಲಿದ್ದ ನಿಮ್ಮ ಅಪ್ಪ. ಅವನಿಂದ ಎರಡು ಕೊಂಬೆ, ಅಪ್ಪ ಮತ್ತು ಅಮ್ಮ. ಅವರಿಂದ ಮತ್ತೆ ಎರಡೆರಡು. ಊರಿನಿಂದ ಮುದುಕರು ಯಾರೇ ಬಂದರೂ ಕಾಫಿಗೆ ಮೊದಲು ಅವರಿಂದ ಹಳೆಯ ಹೆಸರುಗಳನ್ನು ಹೊರಡಿಸುತ್ತಿದ್ದರು.

ಪೊಂಗಲ್ ಹತ್ತಿರ ಬಂತು. ನಾಳೆಯೇ ಸುಣ್ಣ ಹೊಡೆಸುತ್ತೇನೆಂದು ಮನೆಯೊಡತಿ ಹೇಳಿ ಹೋದಳು. ಹೆಸರು ಕೊಟ್ಟ ಮುದುಕರಲ್ಲಿ ಕೆಲವರು ಆಗಲೇ ತೀರಿಕೊಂಡಿದ್ದರು. ಗೋಡೆ ಹೋದರೆ ಎಲ್ಲವೂ ಹೋದಂತೆ. ಮಾವನಿಗೆ ಕಣ್ಣು ಮಂಜು, ಸಣ್ಣ ಅಕ್ಷರ ಬರೆಯಲಾಗದು. ಗೋಡೆಯ ಮೇಲಿದ್ದುದನ್ನು ಒಂದು ಚಿಕ್ಕ ಪುಸ್ತಕಕ್ಕೆ ಇಳಿಸುವ ಕೆಲಸ ನನ್ನ ಪಾಲಿಗೆ ಬಂತು. ಕೊಂಬೆ ಎಳೆಯಲು ಅದರಲ್ಲಿ ಜಾಗವೆಲ್ಲಿ?

"ಒಂದರ ಕೆಳಗೊಂದು ಬರಿ" ಎಂದರು ಮಾವ. "ಹೆಸರು ಬರೆದ ಕೂಡ್ಲೇ ಅವರ ಅಪ್ಪನ ಕಡೆ ಹೋಗು. ಅಲ್ಲಿಯೂ ಇದೇ ಕ್ರಮ, ಅದರ ಮೇಲೂ ಇದೇ ಕ್ರಮ. ಗೊತ್ತಿಲ್ಲದಲ್ಲಿ ಸೊನ್ನೆ ಹಾಕಿ ಹಿಂದೆ ಬಾ, ಅಮ್ಮನ ಕಡೆ ಹಿಡಿ. ಸೊನ್ನೆ ತಪ್ಪಿದ್ರೆ ಯಾರು ಯಾರ ಮಗ ಅಂತ ಬ್ರಹ್ಮನಿಗೂ ಗೊತ್ತಾಗ್ಲಿಕ್ಕಿಲ್ಲ, ಮಾರಾಯ್ತಿ!"

ಮೊದಲ ಸಾಲು ನಿಮ್ಮ ಅಪ್ಪ, ರಾಘು. ಎರಡನೆಯದು ನನ್ನ ಗಂಡ. ಪೆನ್ಸಿಲು ನಿಂತಿತು. ಹೆಂಡತಿ ಗಂಡನ ಹೆಸರೆತ್ತಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆಂದು ನನ್ನಮ್ಮ ಹೇಳಿದ್ದರು. ಬರೆದರೆ? ಕೇಳಲು ನಾಚಿಕೆ. ಒಂದು ಸೊನ್ನೆ ಸುತ್ತಿ, ಅದರ ಕೆಳಗೆ ಅವರ ಅಪ್ಪನ, ಅಂದರೆ ಮಾವನ, ಹೆಸರು ಬರೆದು ಮುಂದೆ ಹೋದೆ.

ಸುಣ್ಣ ಒಣಗಿದ ಮೇಲೆ ಮಾವ ದೊಡ್ಡ ಕಾಗದ ಹಾಸಿ ಮರವನ್ನು ಮತ್ತೆ ಬರೆಯಲು ಕುಳಿತರು. ನನ್ನ ಗಂಡ ಪುಸ್ತಕ ಹಿಡಿದು ಓದಿದರು. "ರಾಘು. ಅವನ ಅಪ್ಪ, ಸೊನ್ನೆ. ಅವನ ಅಮ್ಮ..." ಅಲ್ಲಿ ಮಾವನ ಹೆಸರಿತ್ತು.

"ಅಪ್ಪಯ್ಯ, ಮಗು ಅಳ್ತಾ ಉಂಟು, ಹಾಲು ಕೊಡಿ" ಎಂದು ನನ್ನ ಗಂಡ ನಕ್ಕರು.

"ಇಷ್ಟು ಮೀಸೆಯ ಅಮ್ಮನಾ?" ಎಂದು ಮಾವನೂ ನಕ್ಕರು. ಆಮೇಲೆ ಸೊನ್ನೆಯ ಮೇಲೆ ಬೆರಳಿಟ್ಟು ನನ್ನ ಕಡೆ ತಿರುಗಿದರು. "ಇದೆಂತ ಮಗಾ? ಸೊನ್ನೆ ಅಂದ್ರೆ ಅಲ್ಲಿ ಯಾರೂ ಇಲ್ಲ ಅಂತ ಅಲ್ವಾ?"

ಆಗಲೇ ನನಗೆ ಹೊಳೆದದ್ದು: ಆಯುಷ್ಯಕ್ಕೆ ಹೆದರಿ, ಎದುರಿಗೆ ಕುಳಿತವರನ್ನೇ ಇಲ್ಲವೆಂದು ಬರೆದುಬಿಟ್ಟಿದ್ದೆ. ಬಾಗಿಲ ಮರೆಯಲ್ಲಿ ನಿಂತು ಕಾರಣ ಹೇಳುವಷ್ಟರಲ್ಲಿ ಅಳು ಬಂತು. ಮಾವ ತಾವೇ ತಿದ್ದಬಹುದಿತ್ತು, ತಿದ್ದಲಿಲ್ಲ. ನನ್ನ ಗಂಡ ಎದ್ದು ಬಂದು ಪೆನ್ಸಿಲು ಕೈಗಿಟ್ಟರು.

"ಬರಿ ಮಾರಾಯ್ತಿ. ನಾನು ಎಲ್ಲಿಗೂ ಹೋಗುದಿಲ್ಲ."

ಬರೆದೆ. ಹಿರಿಯರೆಲ್ಲ ತಂತಮ್ಮ ಕೊಂಬೆಗೆ ಮರಳಿದರು. ನನ್ನ ಗಂಡ ಮುಂದೆ ನಲವತ್ತು ವರ್ಷ, ಸಾರಿಗೆ ಹುಳಿ ಹೆಚ್ಚಾಯಿತೆನ್ನುತ್ತಲೇ, ನನ್ನ ಕೈಯಡುಗೆ ಉಂಡರು.

ಅಜ್ಜನ ಹೆಸರನ್ನು ನಿನ್ನ ಬಾಯಿಂದಲೇ ಹೇಳು ಎಂದು ನೀವು ಕಾಡಿದಾಗಲೆಲ್ಲ ಫೋಟೋ ತೋರಿಸಿ ಜಾರಿಕೊಂಡಿದ್ದೇನೆ. ವಾಸುದೇವ. ಬಾಯಿಬಿಟ್ಟು ಹೇಳಲು ಈಗಲೂ ನಾಚಿಕೆ, ಮಕ್ಕಳೇ. ಬರೆಯುವ ಧೈರ್ಯವಷ್ಟೇ ಬಂದಿದೆ. ಅದಕ್ಕೇ ಈ ಹಾಳೆಗಳನ್ನು ಕಳೆಯಬೇಡಿ.