ಹತ್ತು ಪಟ್ಟು ವೇಗ

ಬೆಳಿಗ್ಗೆ ಚಹಾ ಕುಡಿಯುತ್ತ ಫೋನ್ ತೆರೆದರೆ ಮತ್ತೊಂದು ಪ್ರಕಟಣೆ: ಹೊಸ ರನ್‌ಟೈಮ್ ಬಂದಿದೆ, ನಿಮ್ಮ ಪೈಥಾನ್ ಭಾಷೆಯ ಪ್ರೋಗ್ರಾಂ ಒಂದಕ್ಷರ ಬದಲಿಸದೆ ಹತ್ತು ಪಟ್ಟು ವೇಗ. ಚಹಾ ಕಹಿಯಾಯಿತು. ಎಲ್ಲಿಯ ಹತ್ತು ಪಟ್ಟು? ಅವರದೇ ಯಂತ್ರದ ಮೇಲೆ, ಅವರೇ ಬರೆದ ಪರೀಕ್ಷೆಯಲ್ಲಿ. ರನ್‌ಟೈಮ್ ಎಂದರೆ ದೊಡ್ಡದೇನಲ್ಲ, ನಾವು ಬರೆದದ್ದನ್ನು ಕಂಪ್ಯೂಟರಿಗೆ ಓದಿ ಹೇಳಿ ಕೆಲಸ ಮಾಡಿಸುವ ದಲ್ಲಾಳಿ. ದಲ್ಲಾಳಿ ಬದಲಾದರೆ ಏನಾಗುತ್ತದೆಂದು ಹತ್ತಿ ಮಾರುಕಟ್ಟೆಯ ನಮ್ಮ ಆದೋನಿಯವರಿಗೆ ಯಾರೂ ಹೇಳಿಕೊಡಬೇಕಿಲ್ಲ.

ಹಿಂದೆ ನಾನು ಇಲ್ಲಿನ ಒಂದು ಹತ್ತಿ ಮಿಲ್ಲಿನಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದೆ. ನೋಡುವುದಷ್ಟೇ ನನ್ನ ಕೆಲಸ, ಪ್ರೋಗ್ರಾಂ ಬರೆಯುತ್ತಿದ್ದವರು ಪದ್ದಕ್ಕ. ಗಣಿತದ ಟೀಚರ್ ಆಗಿದ್ದು, ನಲವತ್ತು ದಾಟಿದ ಮೇಲೆ ತಾವಾಗಿಯೇ ಪ್ರೋಗ್ರಾಮಿಂಗ್ ಕಲಿತವರು. ಹತ್ತಿಯನ್ನು ಒತ್ತಿ ಬೇಲ್ ಕಟ್ಟುವ ಮುಂಚೆ ಅದರ ತೇವ ಅಳೆಯುವ ಮೀಟರಿಗೆ ಅವರ ಪ್ರೋಗ್ರಾಂ ಜೋಡಿಸಲಾಗಿತ್ತು. ಮೀಟರ್ ಉತ್ತರ ಕೊಡದಿದ್ದರೆ ಅದು ಎಲ್ಲವನ್ನೂ ನಿಲ್ಲಿಸಿಬಿಡುತ್ತಿತ್ತು.

ಮಿಲ್ಲಿನ ಸಾಹುಕಾರರ ಅಳಿಯ ಹೈದರಾಬಾದಿನಿಂದ ಇಂಥದೇ ಒಂದು ಹೊಸ ರನ್‌ಟೈಮಿನ ಸುದ್ದಿ ತಂದ.

"ನಮ್ಮ ಪ್ರೋಗ್ರಾಂ ಎಲ್ಲಿ ತಡಾ ಮಾಡ್ತೈತಿ, ನೋಡೀರೇನ್ರಿ?" ಎಂದರು ಪದ್ದಕ್ಕ. "ಅದು ಮೀಟರ್ ಉತ್ತರಕ್ಕ ಕಾಯ್ತೈತಿ. ಕಾಯೋದನ್ನ ಹತ್ತು ಪಟ್ಟು ಜೋರು ಮಾಡ್ತೀರೇನು?"

"ಸರ್ಲೇಮ್ಮ, ಆಯ್ತು ಬಿಡ್ರಿ, ಎಲ್ಲಾರೂ ಹಾಕ್ಕೊಳ್ಳಾಕತ್ಯಾರ," ಎಂದ ಅಳಿಯ.

ಹಾಕಿದವನು ನಾನು. ಪರೀಕ್ಷಿಸಲು ಪದ್ದಕ್ಕ ಒಂದು ವಾರ ಕೇಳಿದ್ದರು. ನಾನು ಒಂದು ಮಧ್ಯಾಹ್ನದಲ್ಲಿ ಮುಗಿಸಿದೆ. ಮೀಟರಿನೊಡನೆ ಮಾತಾಡುವ ಹಳೆಯ ಭಾಗ ಹೊಸದರಲ್ಲಿ ಓಡಲಿಲ್ಲ. ರನ್‌ಟೈಮಿನವರೇ ಕೊಟ್ಟ ಬದಲಿ ಭಾಗ ತುರುಕಿದೆ. ಮೀಟರ್ ಸುಮ್ಮನಾದರೆ ಅದು ನಿಲ್ಲುತ್ತಿರಲಿಲ್ಲ, ಹಿಂದಿನ ಅಂಕಿಯನ್ನೇ ಮತ್ತೆ ಕೊಡುತ್ತಿತ್ತು. ಒಮ್ಮೆ ಮೀಟರ್ ಕೆಟ್ಟು, ಎರಡು ದಿನ ಹಸಿ ಹತ್ತಿ ಒಣಗಿದ್ದೆಂದು ಬೇಲ್ ಸೇರಿತು. ತಿಂಗಳ ಮೇಲೆ ಬಿಚ್ಚಿದರೆ ಒಳಗೆಲ್ಲ ಹಳದಿ, ಮುಗ್ಗಲು ವಾಸನೆ.

"ಪ್ರೋಗ್ರಾಂ ಬರದಾಕಿ ಯಾರು?" ಎಂದರು ಸಾಹುಕಾರರು. ಪದ್ದಕ್ಕ ನನ್ನ ಕಡೆ ನೋಡಿದರು. ನಾನು ನೆಲ ನೋಡಿದೆ. ಅಂದೇ ಅವರನ್ನು ಕೆಲಸದಿಂದ ತೆಗೆದರು.

ಆಮೇಲೆ ವರ್ಷಗಟ್ಟಲೆ ನಾನು ಬೈದದ್ದು ಆ ರನ್‌ಟೈಮನ್ನು. ಜೀವವಿಲ್ಲದ್ದನ್ನು ಬೈಯುವುದು ಎಷ್ಟು ಹಿತ, ನಿಮಗೂ ಗೊತ್ತಿರಬೇಕು. ಇವತ್ತು ಆ ಹಿತವೂ ಸಿಗಲಿಲ್ಲ. ಬಸ್ಸು ಹಿಡಿದು ಮದ್ದಿಕೇರಕ್ಕೆ ಹೋದೆ; ಪದ್ದಕ್ಕ ಈಗ ಅಲ್ಲಿ ಹುಡುಗಿಯರಿಗೆ ಗಣಿತದ ಟ್ಯೂಷನ್ ಹೇಳುತ್ತಾರೆ. ಬಾಗಿಲಲ್ಲೇ ಎಲ್ಲ ಒಪ್ಪಿಕೊಂಡೆ.

"ನನಗ ಅವತ್ತೇ ಗೊತ್ತಿತ್ತಪಾ," ಎಂದರು. "ಗೊತ್ತಿದ್ದಾಕಿಗೆ ಯಾಕ ಹೇಳಾಕ ಬಂದಿ? ಗೊತ್ತಿಲ್ಲದವರಿಗೆ ಹೇಳು." ಒಳಗೆ ಬಾ ಎನ್ನದೆ ಪಾಠಕ್ಕೆ ಮರಳಿದರು.

ಅಲ್ಲೇ ಅಂಗಳದಲ್ಲಿ ನಿಂತು ಸಾಹುಕಾರರಿಗೆ ಫೋನ್ ಮಾಡಿದೆ. "ಹಳೇ ಮಾತು ಬಿಡಪಾ, ಈಗ್ಯಾಕ," ಎಂದು ನಕ್ಕರು. ಮೈ ಉರಿಯಿತು. "ಆಕಿ ತಪ್ಪಲ್ರಿ, ನಂದು," ಎಂದು ಇನ್ನೊಮ್ಮೆ, ಒಳಗಿನವರಿಗೂ ಕೇಳುವಷ್ಟು ಜೋರಾಗಿ ಹೇಳಿದೆ. ಒಳಗೆ ಪಾಠ ಒಂದು ಕ್ಷಣ ನಿಂತಿತು. ಆಮೇಲೆ ಪದ್ದಕ್ಕನ ದನಿ ಮುಂದಿನ ಲೆಕ್ಕ ಬಿಡಿಸತೊಡಗಿತು.